ಎಲ್ಲವನ್ನೂ ‘ಉದ್ದೇಶದಿಂದ’ ಎಂದು ಬರೆಯುವುದನ್ನು ನಿಲ್ಲಿಸೋಣ

ಕನ್ನಡದಲ್ಲಿ ಸುದ್ದಿ ಬರೆಯುವ ನಮಗೆ ಇಂಗ್ಲಿಷ್ ಯಾಕೆ ಎಂದು ಕೇಳುವವರು ಇದ್ದಾರೆ. ತಾಲೂಕು ಕಚೇರಿಯ ಮೆಟ್ಟಿಲು ಹತ್ತಿದವರು ಹಾಗೆ ಕೇಳುವುದಿಲ್ಲ. ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಇಂಗ್ಲಿಷ್. ಕಾಯ್ದೆಗಳ ಅಧಿಕೃತ ಪಾಠವೂ ಇಂಗ್ಲಿಷಿನದ್ದೇ. ನಮ್ಮೂರಿನ ಕೆರೆ ಒತ್ತುವರಿಯ ತೀರ್ಪಾದರೂ ಸರಿ, ನಮ್ಮ ಜಮೀನಿನ ಅಧಿಸೂಚನೆಯಾದರೂ ಸರಿ, ಕಡೆಗೆ ಒಂದು ಇಂಗ್ಲಿಷ್ ಪಿಡಿಎಫ್ ಆಗಿ ನಮ್ಮ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತದೆ. ಸಂಜೆ ಆರರೊಳಗೆ ಅದನ್ನು ಇನ್ನೂರು ಪದದ ಕನ್ನಡ ಕಾಪಿ ಮಾಡಿ ಡೆಸ್ಕಿಗೆ ಕಳಿಸಬೇಕು. ಹಳ್ಳಿಯ ಓದುಗರಿಗೆ ಆ ಆದೇಶ ಏನು ಹೇಳಿತು ಎಂಬುದು ಮರುದಿನ ನಮ್ಮ ಕಾಪಿಯಿಂದಲೇ ತಿಳಿಯುತ್ತದೆ.

ಇಲ್ಲಿ ಕಷ್ಟ ಕೊಡುವುದು ದೊಡ್ಡ ದೊಡ್ಡ ಕಾನೂನು ಪದಗಳಲ್ಲ. ಅವುಗಳಿಗೆ ನಿಘಂಟು ಇದೆ, ಕೇಳಿದರೆ ಹೇಳುವ ವಕೀಲರು ಇದ್ದಾರೆ. ಕಷ್ಟ ಕೊಡುವುದು ಸಣ್ಣ ಸಣ್ಣ ಮಾತುಗಳು. ‘ಇನ್ ಆರ್ಡರ್ ಟು’, ‘ರಾದರ್ ದ್ಯಾನ್’, ‘ನಾಟ್ ಸೋ ಮಚ್ ಟು... ಆ್ಯಸ್ ಟು’, ‘ವಿತ್ ದ ಇಂಟೆನ್ಷನ್ ಆಫ್’, ‘ಲೈಕ್ಲಿ ಟು’. ಒಂದು ಕೆಲಸವನ್ನು ಯಾಕೆ ಮಾಡಿದರು, ಇದಕ್ಕೋ ಅದಕ್ಕೋ, ಎರಡಕ್ಕೂ ಆದರೆ ಯಾವುದಕ್ಕೆ ಹೆಚ್ಚು ಎಂದು ತೂಗಿ ಹೇಳುವ ಮಾತುಗಳಿವು. ಕನ್ನಡದ ದಿನಪತ್ರಿಕೆ ಭಾಷೆಯಲ್ಲಿ ಇವಕ್ಕೆಲ್ಲ ಒಂದೇ ಚೀಲ: ‘ಉದ್ದೇಶದಿಂದ’. ಅದಕ್ಕೂ ಹೊಂದದಿದ್ದರೆ ‘ಹಿನ್ನೆಲೆಯಲ್ಲಿ’. (ಈ ‘ಹಿನ್ನೆಲೆಯಲ್ಲಿ’ ಎಂಬುದು ಕಾರಣವೂ ಹೌದು, ಕಾಲವೂ ಹೌದು, ನೆಪವೂ ಹೌದು. ಇದನ್ನು ಕಂಡುಹಿಡಿದವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕು.)

ನಮಗೆಲ್ಲ ಪರಿಚಿತ ವಿಷಯ ಒಂದನ್ನು ತೆಗೆದುಕೊಳ್ಳೋಣ. ಕೆರೆ ಹೂಳೆತ್ತುವುದು. ಬೇಸಿಗೆ ಬಂತೆಂದರೆ ಪ್ರತಿ ತಾಲೂಕಿನಲ್ಲೂ ಜೆಸಿಬಿ ಇಳಿಯುತ್ತದೆ, ಟಿಪ್ಪರ್‌ಗಳು ಓಡಾಡುತ್ತವೆ, ಮಣ್ಣು ಇಟ್ಟಿಗೆ ಗೂಡಿಗೆ ಹೋಯಿತು ಎಂಬ ದೂರೂ ಬರುತ್ತದೆ. ಇಂಥ ಒಂದು ಪ್ರಕರಣದ ತನಿಖಾ ವರದಿ ಇಂಗ್ಲಿಷಿನಲ್ಲಿ ಬಂತು ಎಂದುಕೊಳ್ಳಿ. ಅದರಲ್ಲಿ ಹೂಳೆತ್ತಿದ್ದು ‘ನಾಟ್ ಸೋ ಮಚ್ ಟು ಸ್ಟೋರ್ ವಾಟರ್ ಆ್ಯಸ್ ಟು ಸೆಲ್ ದ ಸಾಯಿಲ್’ ಎಂದಿದೆ. ಇದರ ಅರ್ಥ ನೀರಿನ ವಿಚಾರವೇ ಇರಲಿಲ್ಲ ಎಂದಲ್ಲ. ನೀರೂ ಒಂದು ಕಾರಣ ಇದ್ದಿರಬಹುದು, ಆದರೆ ತೂಕ ಬಿದ್ದದ್ದು ಮಣ್ಣು ಮಾರಾಟದ ಕಡೆಗೆ. ಕನ್ನಡದಲ್ಲಿ ‘ನೀರು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಮಣ್ಣು ಮಾರುವುದಕ್ಕೆ’ ಎಂದರೆ ಸಾಕು, ಸರಿಹೋಯಿತು. ಕಾಪಿಯಲ್ಲಿ ಅಚ್ಚಾಗುವುದು ‘ಮಣ್ಣು ಮಾರುವ ಉದ್ದೇಶದಿಂದ ಹೂಳೆತ್ತಲಾಗಿದೆ’ ಎಂದು. ಅರ್ಧ ಆರೋಪ ಪೂರ್ತಿ ಆರೋಪವಾಯಿತು.

ಅದೇ ವರದಿ ‘ಆ್ಯಸ್ ಮಚ್ ಟು ಸೆಲ್ ದ ಸಾಯಿಲ್ ಆ್ಯಸ್ ಟು ಸ್ಟೋರ್ ವಾಟರ್’ ಎಂದಿದ್ದರೆ ತೂಕ ಸಮಸಮ: ನೀರಿಗೆಷ್ಟೋ ಮಣ್ಣಿಗೂ ಅಷ್ಟೇ. ‘ನಾಟ್ ಓನ್ಲಿ ಟು ಸ್ಟೋರ್ ವಾಟರ್ ಬಟ್ ಆಲ್ಸೋ ಟು ಸೆಲ್’ ಎಂದಿದ್ದರೆ ಎರಡೂ ನಿಜ, ನೀರು ಓದುಗನಿಗೆ ಮೊದಲೇ ಗೊತ್ತಿದ್ದ ಸಂಗತಿ, ಹೊಸ ವಿಷಯ ಮಣ್ಣು. ‘ರಾದರ್ ದ್ಯಾನ್’ ಬಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಂಡರು ಎಂದು. ‘ಇನ್‌ಸ್ಟೆಡ್ ಆಫ್’ ಬಂದರೆ ಒಂದು ಆಗಬೇಕಾಗಿದ್ದ ಜಾಗದಲ್ಲಿ ಇನ್ನೊಂದು ಆಯಿತು ಎಂದು. ‘ಬದಲು’ ಎಂಬ ಒಂದೇ ಪದ ಇವೆರಡಕ್ಕೂ ನಡೆಯುತ್ತದೆ, ನಿಜ. ಆದರೆ ‘ರಾದರ್ ದ್ಯಾನ್’ ಇರುವ ಕಡೆ ಯಾರೋ ಕೂತು ಯೋಚಿಸಿ ಆರಿಸಿದರು ಎಂಬ ಸೂಚನೆ ಹೆಚ್ಚು. ‘ಗುಂಡಿ ಮುಚ್ಚುವ ಬದಲು ಹೊಸ ರಸ್ತೆಗೆ ಟೆಂಡರ್ ಕರೆದರು’ ಎಂಬ ವಾಕ್ಯದಲ್ಲಿ ಆ ಆಯ್ಕೆ ಯಾರದು ಎಂದು ಕೇಳುವುದೇ ನಮ್ಮ ಕೆಲಸ.

ಇನ್ನೂ ಅಪಾಯದ ಮಾತು ‘ಆಸ್ಟೆನ್ಸಿಬ್ಲಿ ಟು’. ಹೊರಗೆ ಹೇಳಿಕೊಂಡ ಕಾರಣ ಇದು, ಒಳಗಿನದು ಬೇರೆ ಇರಬಹುದು ಎಂಬ ಅನುಮಾನ ಅದರಲ್ಲಿದೆ. ಅನುಮಾನ ಮಾತ್ರ. ಕನ್ನಡದ ‘ನೆಪದಲ್ಲಿ’ ಅನುಮಾನದ ಪದವಲ್ಲ, ತೀರ್ಮಾನದ ಪದ. ‘ಹೂಳೆತ್ತುವ ನೆಪದಲ್ಲಿ’ ಎಂದು ಬರೆದ ಕ್ಷಣ ನಾವು ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಿರುತ್ತೇವೆ. ‘ಹೆಸರಿನಲ್ಲಿ’ ಕೂಡ ಹಾಗೆಯೇ: ‘ಅಭಿವೃದ್ಧಿ ಹೆಸರಿನಲ್ಲಿ’ ಎಂದರೆ ಅಭಿವೃದ್ಧಿ ಅಲ್ಲ ಎಂದೇ ಎಲ್ಲರೂ ಓದುತ್ತಾರೆ. ‘ಹೂಳೆತ್ತುವುದಾಗಿ ಹೇಳಿಕೊಂಡು’ ಎಂದರೆ ಅನುಮಾನ ಅನುಮಾನವಾಗಿಯೇ ಉಳಿಯುತ್ತದೆ. ಎರಡು ಪದ ಜಾಸ್ತಿ ಆಗುತ್ತದೆ, ಆಗಲಿ.

ಇಲ್ಲ ಎಂಬ ಮಾತು ಬಂದಾಗ ಗೊಂದಲ ಇನ್ನೊಂದು ಬಗೆಯದು. ‘ರೈತರಿಗೆ ತೊಂದರೆ ಕೊಡಲು ಸರ್ವೆ ನಡೆಸಿಲ್ಲ ಎಂದು ತಹಶೀಲ್ದಾರರು ಸ್ಪಷ್ಟಪಡಿಸಿದರು.’ ಇಂಥ ವಾಕ್ಯ ವಾರಕ್ಕೊಮ್ಮೆ ಅಚ್ಚಾಗುತ್ತದೆ. ಸರ್ವೆ ನಡೆಯಿತೇ, ಇಲ್ಲವೇ? ವಾಕ್ಯ ಓದಿ ಹೇಳಿ ನೋಡೋಣ. ಹೇಳಲಾಗುವುದಿಲ್ಲ. ಸರ್ವೆಯೇ ನಡೆದಿಲ್ಲ ಎಂದೂ ಓದಬಹುದು, ನಡೆಯಿತು ಆದರೆ ತೊಂದರೆ ಕೊಡಲಿಕ್ಕೆ ಅಲ್ಲ ಎಂದೂ ಓದಬಹುದು. ಹೊಲದ ಬದುವಿನ ಮೇಲೆ ಕಲ್ಲು ನೆಟ್ಟು ಹೋದವರು ಯಾರು ಎಂದು ತಲೆ ಕೆಡಿಸಿಕೊಂಡಿರುವ ರೈತನಿಗೆ ಇವೆರಡೂ ಒಂದೇ ಅಲ್ಲ.

ಇಂಗ್ಲಿಷಿನಲ್ಲೂ ಇದೇ ತೊಡಕು ಇದೆ. ‘ದ ಸರ್ವೆ ವಾಸ್ ನಾಟ್ ಕಂಡಕ್ಟೆಡ್ ಟು ಹರಾಸ್ ಫಾರ್ಮರ್ಸ್’ ಎಂದರೂ ಅಷ್ಟೇ ಗೊಂದಲ. ಒಳ್ಳೆಯ ಇಂಗ್ಲಿಷ್ ಬರೆಯುವವರು ಆ ‘ನಾಟ್’ ಅನ್ನು ಎತ್ತಿ ಉದ್ದೇಶದ ಮುಂದೆ ಇಡುತ್ತಾರೆ: ‘ವಾಸ್ ಕಂಡಕ್ಟೆಡ್ ನಾಟ್ ಟು ಹರಾಸ್ ಫಾರ್ಮರ್ಸ್ ಬಟ್ ಟು ಫಿಕ್ಸ್ ಬೌಂಡರೀಸ್’. ಸರ್ವೆ ನಡೆದದ್ದು ಖಚಿತವಾಯಿತು, ಜಗಳ ಉದ್ದೇಶದ ಬಗ್ಗೆ ಮಾತ್ರ. ಕನ್ನಡಕ್ಕೆ ಇದು ಇನ್ನೂ ಸಲೀಸು. ‘ಇಲ್ಲ’ ತೆಗೆದು ‘ಅಲ್ಲ’ ಹಾಕಿದರೆ ಮುಗಿಯಿತು: ‘ಸರ್ವೆ ನಡೆಸಿದ್ದು ರೈತರಿಗೆ ತೊಂದರೆ ಕೊಡಲಿಕ್ಕಲ್ಲ, ಗಡಿ ಗುರುತಿಸಲಿಕ್ಕೆ.’ ಇಲ್ಲ ಮತ್ತು ಅಲ್ಲ ಎಂದು ಎರಡು ಬೇರೆ ಬೇರೆ ಪದ ಇರುವ ಭಾಷೆ ನಮ್ಮದು. ಸಂತೆಯಲ್ಲಿ ಸೊಪ್ಪು ಮಾರುವವರು ಇದನ್ನು ತಪ್ಪಿಲ್ಲದೆ ಬಳಸುತ್ತಾರೆ. ಅಚ್ಚಿನ ಕನ್ನಡದಲ್ಲಿ ಮಾತ್ರ ‘ನಡೆಸಿರುವುದಿಲ್ಲ’ ಎಂಬ ಸರಕಾರಿ ಬಾಲ.

ಇದೆಲ್ಲ ವ್ಯಾಕರಣದ ಜಿಗುಟುತನ ಎನ್ನಿಸಬಹುದು. ಅಪರಾಧ ಸುದ್ದಿಗೆ ಬಂದರೆ ಹಾಗೆನ್ನಿಸುವುದಿಲ್ಲ.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ನಂಬರುಗಳು ಬದಲಾದವು, ಈ ತೂಕದ ಮಾತುಗಳು ಹಾಗೆಯೇ ಉಳಿದವು. ಸಾವು ಸಂಭವಿಸಿದ ಪ್ರಕರಣದಲ್ಲಿ ಕಾನೂನು ಕೇಳುವುದು ಮುಖ್ಯವಾಗಿ ಇದನ್ನೇ: ಸಾಯಿಸುವ ‘ಇಂಟೆನ್ಷನ್’ ಇತ್ತೇ, ಸಾಯಬಹುದು ಎಂಬ ‘ನಾಲೆಜ್’ ಮಾತ್ರ ಇತ್ತೇ, ಅಥವಾ ಬರೀ ಅಜಾಗರೂಕತೆಯೇ? ಬದುವಿನ ಜಗಳದಲ್ಲಿ ಒಬ್ಬ ಗುದ್ದಲಿ ಕಾವಿನಿಂದ ಇನ್ನೊಬ್ಬನ ತಲೆಗೆ ಹೊಡೆದ, ಅವನು ಆಸ್ಪತ್ರೆಯಲ್ಲಿ ತೀರಿಕೊಂಡ ಎಂದುಕೊಳ್ಳಿ. ಅದು ಕೊಲೆಯೇ ಎಂದಾದರೆ 103ನೇ ಸೆಕ್ಷನ್. ಮರಣದಂಡನೆ ಅಥವಾ ಜೀವಾವಧಿ. ಕೊಲೆಯಲ್ಲದ ಮಾನವ ಹತ್ಯೆ ಎಂದಾದರೆ 105. ಅದರೊಳಗೂ ಎರಡು ಮನೆ. ಸಾಯಿಸುವ ಅಥವಾ ಸಾವು ತರುವಂಥ ಗಾಯ ಮಾಡುವ ಉದ್ದೇಶವಿತ್ತು ಎಂದಾದರೆ ಜೀವಾವಧಿ, ಇಲ್ಲವೇ 5ರಿಂದ 10 ವರ್ಷ. ಉದ್ದೇಶವಿರಲಿಲ್ಲ, ಸಾವು ಬರಬಹುದೆಂದು ಗೊತ್ತಿತ್ತು ಎಂದಷ್ಟೇ ಆದರೆ ಹೆಚ್ಚೆಂದರೆ 10 ವರ್ಷ, ಕನಿಷ್ಠ ಎಂಬುದಿಲ್ಲ. ಅಜಾಗರೂಕತೆಯ ಸಾವು 106(1). ಸಾಮಾನ್ಯವಾಗಿ 5 ವರ್ಷದವರೆಗೆ. ಏಟು ಅದೇ, ಸಾವೂ ಅದೇ. ಶಿಕ್ಷೆಯ ವ್ಯತ್ಯಾಸವೆಲ್ಲ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ತೂಗುವ ನಾಲ್ಕು ಇಂಗ್ಲಿಷ್ ಪದಗಳ ಮೇಲೆ ನಿಂತಿದೆ.

ಈಗ ತೀರ್ಪು ಬಂತು. ‘ಉದ್ದೇಶ ಸಾಬೀತಾಗಿಲ್ಲ, ತಿಳಿವಳಿಕೆ ಇತ್ತು’ ಎಂದು ನ್ಯಾಯಾಲಯ ಹೇಳಿತು. ಮರುದಿನದ ಸಿಂಗಲ್ ಕಾಲಂನಲ್ಲಿ ‘ಕೊಲೆ ಮಾಡುವ ಉದ್ದೇಶದಿಂದ ಹಲ್ಲೆ: ಅಪರಾಧಿಗೆ ಶಿಕ್ಷೆ’ ಎಂದು ಬಂದರೆ ಅದು ತೀರ್ಪಿನ ನೇರ ಉಲ್ಟಾ. ಅವನು ಶಿಕ್ಷೆ ಮುಗಿಸಿ ಊರಿಗೆ ವಾಪಸು ಬರುತ್ತಾನೆ. ಊರಿನವರ ಬಳಿ ತೀರ್ಪಿನ ಪ್ರತಿ ಇರುವುದಿಲ್ಲ, ಪತ್ರಿಕೆಯ ತುಣುಕು ಇರುತ್ತದೆ.

‘ಮೋಟಿವ್’ ಮತ್ತು ‘ಇಂಟೆನ್ಷನ್’ ಕೂಡ ಬೇರೆ ಬೇರೆ. ಹಳೆಯ ದ್ವೇಷ, ಆಸ್ತಿ, ಅಸೂಯೆ ಇವೆಲ್ಲ ಮೋಟಿವ್, ಅಂದರೆ ಮನಸ್ಸನ್ನು ಆ ಕಡೆಗೆ ತಳ್ಳಿದ ಕಾರಣ. ಹೊಡೆಯುವಾಗ ಏನಾಗಲಿ ಎಂದು ಬಯಸಿದನೋ ಅದು ಇಂಟೆನ್ಷನ್. ಇಲ್ಲಿ ಕನ್ನಡ ಪತ್ರಿಕೆಗಳಿಗೆ ಒಂದು ಶಹಬ್ಬಾಸ್ ಹೇಳಬೇಕು. ‘ಕೊಲೆಗೆ ನಿಖರ ಕಾರಣ ತಿಳಿದುಬಂದಿಲ್ಲ’ ಎಂಬ ಸವೆದ ವಾಕ್ಯದಲ್ಲಿ ಮೋಟಿವ್‌ಗೆ ‘ಕಾರಣ’ ಎಂದು ಹಾಕುವುದು ಸರಿಯಾದ ಪದವೇ.

ಗುಂಪು ಗಲಾಟೆಯ ಎಫ್‌ಐಆರ್‌ಗಳಲ್ಲಿ ಇನ್ನೊಂದು ಜೋಡಿ ಸಿಗುತ್ತದೆ. ಹಳೆಯ 34, ಈಗಿನ 3(5): ‘ಕಾಮನ್ ಇಂಟೆನ್ಷನ್’. ಹಳೆಯ 149, ಈಗಿನ 190: ‘ಕಾಮನ್ ಆಬ್ಜೆಕ್ಟ್’. ಮೊದಲನೆಯದಕ್ಕೆ ಇಬ್ಬರು ಸಾಕು, ಆದರೆ ಮನಸ್ಸು ಒಂದಾಗಿರಬೇಕು. ಎರಡನೆಯದಕ್ಕೆ ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟ ಇರಬೇಕು. ಆ ಕೂಟದ ಗುರಿ ಸಾಧಿಸಲು ಒಬ್ಬ ಮಾಡಿದ ಅಪರಾಧಕ್ಕೆ, ಆಗಬಹುದೆಂದು ಉಳಿದವರಿಗೆ ಗೊತ್ತಿದ್ದ ಅಪರಾಧಕ್ಕೂ, ಆಗ ಅಲ್ಲಿದ್ದ ಸದಸ್ಯರೆಲ್ಲ ಹೊಣೆ. ಜಾತ್ರೆಯಲ್ಲಿ ನಡೆದ ಹೊಡೆದಾಟದ ಎಫ್‌ಐಆರ್‌ನಲ್ಲಿ ಹದಿನೈದು ಹೆಸರು ಇದ್ದರೆ, ಆ ಹದಿನೈದು ಜನ ಏಟು ಕೊಟ್ಟರು ಎಂದಲ್ಲ. ‘ಒಂದೇ ಉದ್ದೇಶದಿಂದ ಹದಿನೈದು ಜನ ಹಲ್ಲೆ’ ಎಂದು ಬರೆದರೆ ಎಫ್‌ಐಆರ್ ಹೇಳದ್ದನ್ನೂ ನಾವು ಹೇಳಿದಂತಾಯಿತು. ಒಂದಕ್ಕೆ ‘ಸಮಾನ ಉದ್ದೇಶ’, ಇನ್ನೊಂದಕ್ಕೆ ‘ಕೂಟದ ಗುರಿ’ ಎಂದು ಬೇರ್ಪಡಿಸಿ ಬರೆದರೆ ಓದುಗರಿಗೆ ಕಷ್ಟವೇನೂ ಆಗದು.

‘ಲೈಕ್ಲಿ ಟು’ ಕತೆ ಇದಕ್ಕಿಂತ ಮಾಮೂಲಿ, ಹಾಗಾಗಿಯೇ ಹೆಚ್ಚು ಅಪಾಯ. ನಿಷೇಧಾಜ್ಞೆ ಹಿಂದೆ ಸಿಆರ್‌ಪಿಸಿ 144, ಈಗ ನಾಗರಿಕ ಸುರಕ್ಷಾ ಸಂಹಿತೆಯ 163. ಇಂಥ ಆದೇಶದಲ್ಲಿ ಸಾಮಾನ್ಯವಾಗಿ ಇರುವುದು ಶಾಂತಿಗೆ ಭಂಗ ಬರುವ ಸಾಧ್ಯತೆ ಇದೆ ಎಂಬ ಮಾತು. ಸಾಧ್ಯತೆ ಪರಿಸ್ಥಿತಿಗೆ ಸೇರಿದ್ದು, ಉದ್ದೇಶ ಮನುಷ್ಯನಿಗೆ ಸೇರಿದ್ದು. ಅದನ್ನು ‘ಶಾಂತಿ ಕದಡುವ ಉದ್ದೇಶದಿಂದ ಸೇರಲಿದ್ದ ಪ್ರತಿಭಟನೆಗೆ ತಡೆ’ ಎಂದು ಬರೆದರೆ, ಕೂಲಿ ಬಾಕಿ ಕೇಳಲು ಬಂದ ಹೆಂಗಸರೆಲ್ಲ ಗಲಭೆಕೋರರಾಗುತ್ತಾರೆ. ಜಿಲ್ಲಾಧಿಕಾರಿ ಕೂಡ ಹೇಳದ ಮಾತು ಅದು.

ನಮ್ಮ ಹೊಟ್ಟೆಪಾಡಿಗೆ ಸಂಬಂಧಿಸಿದ್ದನ್ನೂ ಹೇಳಿಬಿಡೋಣ. ಮಾನಹಾನಿಯ ಸೆಕ್ಷನ್ ಈಗ 356. ಶಿಕ್ಷೆ 2 ವರ್ಷದವರೆಗೆ, ಅಥವಾ ದಂಡ, ಅಥವಾ ಎರಡೂ, ಅಥವಾ ಸಮುದಾಯ ಸೇವೆ. ಅದೂ ನಿಂತಿರುವುದು ಇದೇ ಪದಗಳ ಮೇಲೆ: ಹೆಸರು ಕೆಡಿಸುವ ಉದ್ದೇಶವಿತ್ತೇ, ಕೆಡುತ್ತದೆ ಎಂದು ಗೊತ್ತಿತ್ತೇ, ಹಾಗೆ ನಂಬಲು ಕಾರಣವಿತ್ತೇ. ನ್ಯಾಯಾಲಯದ ಕಲಾಪದ ವರದಿಗೆ ಅದರಲ್ಲಿ ವಿನಾಯಿತಿ ಇದೆ, ಆದರೆ ವರದಿ ಗಣನೀಯವಾಗಿ ನಿಜವಾಗಿರಬೇಕು. ತೀರ್ಪಿನಲ್ಲಿ ‘ತಿಳಿವಳಿಕೆ’ ಇದ್ದದ್ದು ಕಾಪಿಯಲ್ಲಿ ‘ಉದ್ದೇಶ’ ಆದರೆ ಆ ವಿನಾಯಿತಿ ನಮ್ಮ ಕೈಹಿಡಿಯುತ್ತದೆ ಎಂಬ ಭರವಸೆ ಬೇಡ. ನೋಟಿಸ್ ಬಂದಾಗ ಸ್ಟ್ರಿಂಗರ್‌ಗೆ ನೇಮಕಾತಿ ಪತ್ರವಾಗಲಿ, ಸಂಸ್ಥೆಯ ವಕೀಲರಾಗಲಿ ಇರುವುದು ಅಪರೂಪ ಎಂಬುದು ಈ ಸಾಲು ಓದುವ ಎಲ್ಲರಿಗೂ ಗೊತ್ತು.

ಜಮೀನಿನ ವಿಷಯದಲ್ಲಿ ‘ಇಂಟೆನ್ಷನ್’ ಇನ್ನೊಂದು ಮುಖ ತೋರಿಸುತ್ತದೆ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆಯ 28(1)ರ ಅಡಿ ಬರುವುದು ಪ್ರಾಥಮಿಕ ಅಧಿಸೂಚನೆ. ಅದು ಹೇಳುವುದು ಜಮೀನು ಸ್ವಾಧೀನಪಡಿಸಿಕೊಳ್ಳುವ ಇರಾದೆ ಸರಕಾರಕ್ಕಿದೆ ಎಂದು, ಅಷ್ಟೇ. ಆಮೇಲೆ ರೈತರಿಗೆ ನೋಟಿಸ್, ಆಕ್ಷೇಪಣೆಗೆ ಅವಕಾಶ, ವಿಚಾರಣೆ. 28(4)ರ ಅಂತಿಮ ಅಧಿಸೂಚನೆ ಹೊರಟ ಮೇಲೆಯೇ ಜಮೀನು ಸರಕಾರಕ್ಕೆ ಸೇರುವುದು. ಮೊದಲನೆಯ ಹಂತದಲ್ಲೇ ‘ಇಷ್ಟು ಎಕರೆ ಸ್ವಾಧೀನ’ ಎಂದು ತಲೆಬರಹ ಬಂದರೆ ಓದಿದ ರೈತ ಎಲ್ಲ ಮುಗಿಯಿತು ಎಂದು ಕೈಚೆಲ್ಲುತ್ತಾನೆ, ಆಕ್ಷೇಪಣೆಯ ದಿನಗಳು ಕಳೆದುಹೋಗುತ್ತವೆ. ಬ್ರೋಕರ್‌ಗೆ ಬೇಕಾದದ್ದೂ ಅದೇ. ಇರಾದೆ ಬದಲಾಗುವುದೂ ಉಂಟು. ಅಷ್ಟೇ ಏಕೆ, ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ವಿಚಾರದಲ್ಲಿ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ, 2025ರ ಜುಲೈಯಲ್ಲಿ ಸರಕಾರ ಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿತು. ‘ಸ್ವಾಧೀನಕ್ಕೆ ಇರಾದೆ, ಆಕ್ಷೇಪಣೆಗೆ ಅವಕಾಶ’ ಎಂಬ ತಲೆಬರಹಕ್ಕೆ ಹೆಚ್ಚು ಜಾಗವೇನೂ ಬೇಡ.

ಇನ್ನು ತಿರುಗುಮುರುಗು ಪ್ರಯಾಣ. ನಮ್ಮಲ್ಲಿ ಕೆಲವರು ಇಂಗ್ಲಿಷ್ ಪತ್ರಿಕೆಗಳಿಗೂ ಕಾಪಿ ಕೊಡುತ್ತೇವೆ. ಕನ್ನಡದ ‘ಉದ್ದೇಶದಿಂದ’ ಅಲ್ಲಿಗೆ ಹೋದಾಗ ‘ವಿತ್ ಆ್ಯನ್ ಇಂಟೆನ್ಷನ್ ಟು’ ಎಂಬ ವೇಷ ಹಾಕುತ್ತದೆ. ‘ರೈತರಿಗೆ ಅನುಕೂಲವಾಗಲಿ ಎಂದು ರಾಗಿ ಖರೀದಿ ಕೇಂದ್ರ ತೆರೆದರು’ ಎನ್ನಲು ‘ವಿತ್ ಆ್ಯನ್ ಇಂಟೆನ್ಷನ್ ಟು ಹೆಲ್ಪ್ ಫಾರ್ಮರ್ಸ್’ ಎಂದು ಬರೆದರೆ, ಓದುವವರಿಗೆ ಇದರ ಹಿಂದೆ ಇನ್ನೇನೋ ಇರಬೇಕು ಎನ್ನಿಸುತ್ತದೆ. ಆ ಪದಕ್ಕೆ ಕೋರ್ಟಿನ ವಾಸನೆ ಅಂಟಿದೆ. ಬರೀ ‘ಟು ಹೆಲ್ಪ್ ಫಾರ್ಮರ್ಸ್’ ಸಾಕು. ಒಂದು ಕೆಲಸ ಮಾಡುವವರು ಒಬ್ಬರು, ಅದರ ಫಲ ಆಗಬೇಕಾದದ್ದು ಇನ್ನೊಬ್ಬರಿಗೆ ಎಂದಿದ್ದರೆ ‘ಸೋ ದಟ್’ ಚೆನ್ನ. ಇಲಾಖೆ ಕೇಂದ್ರ ತೆರೆಯಿತು, ರೈತರು ದಲ್ಲಾಳಿಗೆ ಮಾರದಿರಲಿ ಎಂದು. ‘ವಿತ್ ಎ ವ್ಯೂ ಟು’ ಬಳಸುವ ಆಸೆ ಇದ್ದವರು ಅದರ ಮುಂದೆ ‘ಹೆಲ್ಪಿಂಗ್’ ಎಂದು ಇಂಗ್ ಸೇರಿಸಬೇಕು, ‘ಹೆಲ್ಪ್’ ಅಲ್ಲ. ‘ಫಾರ್ ದ ಪರ್ಪಸ್ ಆಫ್’ ಅನ್ನು ಆದೇಶ ಬರೆಯುವವರಿಗೇ ಬಿಡುವುದು ಒಳ್ಳೆಯದು.

ಕನ್ನಡಕ್ಕೆ ಈ ಸೂಕ್ಷ್ಮ ಇಲ್ಲ, ಅದಕ್ಕೇ ಹೀಗಾಗುತ್ತದೆ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಸಲುವಾಗಿ, ಗೋಸ್ಕರ, ಗಾಗಿ, ಲಿಕ್ಕೆ, ಲೆಂದು, ಲೆಂದೇ. ಆ ಕೊನೆಯ ‘ಏ’ ಒಂದನ್ನೇ ನೋಡಿ. ‘ಕೊಲ್ಲಲೆಂದು ಹೊಡೆದ’ ಎಂಬುದಕ್ಕೂ ‘ಕೊಲ್ಲಲೆಂದೇ ಹೊಡೆದ’ ಎಂಬುದಕ್ಕೂ ಎಷ್ಟು ದೂರ! ಧಾರವಾಡದ ಕಡೆಯವರು ‘ನೀರಿನ ಸಲುವಾಗಿ ಅಲ್ಲ, ಮಣ್ಣಿನ ಸಲುವಾಗಿ’ ಎನ್ನುತ್ತಾರೆ, ಮೈಸೂರು ಕಡೆಯವರು ‘ನೀರಿಗೋಸ್ಕರ ಅಲ್ಲ, ಮಣ್ಣಿಗೋಸ್ಕರ’ ಎನ್ನುತ್ತಾರೆ. ಹೊಸದಾಗಿ ಪದ ಹುಟ್ಟಿಸುವ ಅಗತ್ಯವೇ ಇಲ್ಲ. ಬೇಕಿರುವುದು ಇಂಗ್ಲಿಷ್ ವಾಕ್ಯದಲ್ಲಿ ತೂಕ ಎತ್ತ ಬಿದ್ದಿದೆ ಎಂದು ಮೊದಲು ನೋಡುವ ತಾಳ್ಮೆ. ಮೊಬೈಲಿನ ಅನುವಾದದ ಆ್ಯಪ್‌ಗೆ ಹಾಕಿ ಬಂದದ್ದನ್ನು ಅಂಟಿಸುವವರು ಕನಿಷ್ಠ ಈ ಐದಾರು ಮಾತು ಬಂದ ಕಡೆ ನಿಂತು ಮೂಲ ಓದಲಿ.

ಡೆಸ್ಕಿನವರ ಜೊತೆಗೂ ನಮ್ಮದೊಂದು ತಕರಾರಿದೆ. ಜಾಗ ಸಾಲದಾದಾಗ ಮೊದಲು ಕತ್ತರಿ ಬೀಳುವುದು ‘ಗಿಂತ ಹೆಚ್ಚಾಗಿ’, ‘ಹೇಳಿಕೊಂಡು’, ‘ಸಾಧ್ಯತೆ’, ‘ದೂರಿನಲ್ಲಿ ತಿಳಿಸಲಾಗಿದೆ’ ಇವುಗಳ ಮೇಲೆಯೇ. ಇವು ಕಾಪಿಯ ಕೊಬ್ಬು ಎಂದು ಅವರಿಗೆ ಕಾಣುತ್ತದೆ. ಕತ್ತರಿಸುವುದೇ ಆದರೆ ಸಚಿವರ ಜೊತೆ ವೇದಿಕೆಯಲ್ಲಿ ಕೂತಿದ್ದ ಹನ್ನೊಂದು ಜನರ ಹೆಸರಿನ ಪಟ್ಟಿಯನ್ನು ಕತ್ತರಿಸಲಿ. ಈಚೆಗೆ ನಾವು ಕೆಲವರು ಒಂದು ರೂಢಿ ಮಾಡಿಕೊಂಡಿದ್ದೇವೆ. ಕೋರ್ಟು ಮತ್ತು ಜಮೀನಿನ ಸುದ್ದಿಯಾದರೆ, ಕಾಪಿಯ ಕೆಳಗೆ ಗೆರೆ ಎಳೆದು ಮೂಲದ ಆ ಒಂದು ಇಂಗ್ಲಿಷ್ ವಾಕ್ಯವನ್ನು ಹಾಗೆಯೇ ಟೈಪ್ ಮಾಡಿ, ‘ಅಚ್ಚಿಗಲ್ಲ, ನಿಮ್ಮ ಗಮನಕ್ಕೆ’ ಎಂದು ಬರೆದು ಕಳಿಸುತ್ತೇವೆ. ಮೊದಮೊದಲು ಇದೇನು ಹೊಸ ತಲೆನೋವು ಎಂದು ಬೈದರು. ಈಗ ತಲೆಬರಹ ಹಾಕುವ ಮುಂಚೆ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, ಇದು ‘ಉದ್ದೇಶ’ವೋ ‘ಸಾಧ್ಯತೆ’ಯೋ ಎಂದು ಕೇಳುವ ಸಬ್ ಎಡಿಟರ್ ಒಬ್ಬರು ಇದ್ದಾರೆ.